ಜೆನೆಸಿಸ್ ಕೇಳುವ ಕ್ರಮ: ಬ್ಯಾಂಡಿನ ಆಲ್ಬಮ್‌ಗಳ ಜೊತೆಗೆ ಸದಸ್ಯರ ಸ್ವಂತ ಆಲ್ಬಮ್‌ಗಳು

ಜೆನೆಸಿಸ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡನ್ನು ಹೊಸದಾಗಿ ಕೇಳಹೊರಟವರಿಗೆ ಅಭಿಮಾನಿಗಳು ಸಾಮಾನ್ಯವಾಗಿ ಎರಡು ಸಲಹೆಗಳಲ್ಲಿ ಒಂದನ್ನು ಕೊಡುತ್ತಾರೆ. ಪೀಟರ್ ಗೇಬ್ರಿಯಲ್ ಹಾಡುತ್ತಿದ್ದ 1975ರವರೆಗಿನ ಆಲ್ಬಮ್‌ಗಳಷ್ಟೇ ನಿಜವಾದ ಜೆನೆಸಿಸ್, ಮುಂದಿನದೆಲ್ಲ ಬರೀ ವ್ಯಾಪಾರ ಎನ್ನುವುದು ಒಂದು. ಫಿಲ್ ಕಾಲಿನ್ಸ್ ಹಾಡಿದ ಎಂಬತ್ತರ ದಶಕದ ಜನಪ್ರಿಯ ಹಾಡುಗಳಿಂದ ಆರಂಭಿಸಿ, ಮನಸ್ಸಾದರೆ ಹಿಂದಕ್ಕೆ ಹೋಗಿ ಎನ್ನುವುದು ಇನ್ನೊಂದು. ಎರಡೂ ಸಲಹೆಗಳು ಗಾಯಕನನ್ನೇ ಬ್ಯಾಂಡ್ ಎಂದು ಭಾವಿಸಿವೆ. ಇಂಗ್ಲೆಂಡಿನ ಸರ್ರೆಯಲ್ಲಿರುವ ಚಾರ್ಟರ್‌ಹೌಸ್ ಶಾಲೆಯ ಹುಡುಗರು 1967ರಲ್ಲಿ ಕಟ್ಟಿದ ಈ ಬ್ಯಾಂಡಿನಲ್ಲಿ ಮೊದಲಿನಿಂದ ಕೊನೆಯವರೆಗೂ ಉಳಿದವರು ಗಾಯಕರಲ್ಲ. ಕೀಬೋರ್ಡ್ ನುಡಿಸುವ ಟೋನಿ ಬ್ಯಾಂಕ್ಸ್ ಮತ್ತು ಬಾಸ್, ಗಿಟಾರ್ ಎರಡನ್ನೂ ನುಡಿಸುವ ಮೈಕ್ ರುದರ್‌ಫರ್ಡ್. ಈ ಇಬ್ಬರ ಸುತ್ತ ಉಳಿದವರು ಬಂದರು, ಹೋದರು. ಹೋದವರು ಹೊರಗೆ ಮಾಡಿದ ಸಂಗೀತವನ್ನು ಅದೇ ಕಾಲದ ಬ್ಯಾಂಡಿನ ಆಲ್ಬಮ್ ಪಕ್ಕದಲ್ಲಿಟ್ಟು ಕೇಳಿದಾಗ ಯಾರು ಏನನ್ನು ತಂದಿದ್ದರು, ಯಾರ ಜೊತೆ ಏನು ಹೊರಟುಹೋಯಿತು ಎಂಬುದು ಯಾವ ವಿಮರ್ಶೆಯನ್ನೂ ಓದದೆ ಕಿವಿಗೇ ಗೊತ್ತಾಗುತ್ತದೆ. ಕೆಳಗೆ ಕೊಟ್ಟಿರುವ ಕ್ರಮ ಈ ನಂಬಿಕೆಯ ಮೇಲೆ ನಿಂತಿದೆ.

ಆರಂಭ ಎಲ್ಲಿಂದ

1973ರ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ ಆಲ್ಬಮ್ಮಿನಿಂದ ಆರಂಭಿಸಿ. ಐವರೂ, ಅಂದರೆ ಗೇಬ್ರಿಯಲ್, ಬ್ಯಾಂಕ್ಸ್, ರುದರ್‌ಫರ್ಡ್, ಡ್ರಮ್ಸ್‌ನಲ್ಲಿ ಕಾಲಿನ್ಸ್ ಮತ್ತು ಗಿಟಾರಿನಲ್ಲಿ ಸ್ಟೀವ್ ಹ್ಯಾಕೆಟ್, ಒಬ್ಬರನ್ನೊಬ್ಬರು ಮುಚ್ಚಿಹಾಕದೆ ಕೇಳಿಸುವ ಆಲ್ಬಮ್ ಇದು. ಮೊದಲ ಸಲ ಸಾಹಿತ್ಯವನ್ನು ಕೈಯಲ್ಲಿ ಹಿಡಿಯಬೇಡಿ. ಗೇಬ್ರಿಯಲ್ ಬರೆದ ಸಾಲುಗಳಲ್ಲಿ ಇಂಗ್ಲಿಷ್ ಶ್ಲೇಷೆಗಳೂ ಆ ಕಾಲದ ಬ್ರಿಟಿಷ್ ಅಂಗಡಿಗಳ ಹೆಸರುಗಳೂ ತುಂಬಿಕೊಂಡಿದ್ದು, ಅವುಗಳ ಹಿಂದೆ ಬಿದ್ದರೆ ಸಂಗೀತ ಕೈತಪ್ಪುತ್ತದೆ. ಸಾಹಿತ್ಯ ಎರಡನೆಯ ಕೇಳ್ಮೆಗೆ ಇರಲಿ.

ಈ ಆಲ್ಬಮ್ಮಿನ ‘ಫರ್ತ್ ಆಫ್ ಫಿಫ್ತ್’ ಹಾಡನ್ನು ಬಿಡಿಬಿಡಿಯಾಗಿ ಕೇಳುವುದು ಇಡೀ ಬ್ಯಾಂಡನ್ನು ಕೇಳಲು ಒಳ್ಳೆಯ ತರಬೇತಿ. ಮೊದಲಿಗೆ ಬ್ಯಾಂಕ್ಸ್ ಒಬ್ಬರೇ ಪಿಯಾನೋ ನುಡಿಸುತ್ತಾರೆ. ಎಣಿಕೆ ಪದೇಪದೇ ಬದಲಾಗುತ್ತಿದ್ದರೂ ಓಟದಲ್ಲಿ ಎಲ್ಲಿಯೂ ಮುಗ್ಗರಿಕೆ ಕಾಣುವುದಿಲ್ಲ. ಹಾಡಿನ ಭಾಗ ಮುಗಿದ ಮೇಲೆ ಗೇಬ್ರಿಯಲ್ ಅವರ ಕೊಳಲಿನಲ್ಲಿ ನಿಧಾನವಾದ, ತುಸು ವಿಷಾದದ ಒಂದು ಧಾಟಿ ಬರುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ. ನಡುವೆ ಪಿಯಾನೋದ ಆರಂಭಿಕ ಭಾಗವೇ ಸಿಂತಸೈಜರಿನಲ್ಲಿ, ಡ್ರಮ್ಸ್ ಮತ್ತು ಬಾಸ್ ಬೆನ್ನಿಗಿರುವಂತೆ, ಮತ್ತೊಮ್ಮೆ ಓಡಿಹೋಗುತ್ತದೆ. ಆಮೇಲೆ ಹ್ಯಾಕೆಟ್ ಅವರ ಗಿಟಾರ್ ಬರುತ್ತದೆ. ಗಮನಿಸಿದರೆ ಅದು ನುಡಿಸುತ್ತಿರುವುದು ಕೊಳಲು ನುಡಿಸಿದ ಧಾಟಿಯನ್ನೇ. ಸ್ವರಗಳ ಸಂಖ್ಯೆ ಹೆಚ್ಚಿಲ್ಲ, ವೇಗದ ಪ್ರದರ್ಶನವಿಲ್ಲ. ಒಂದೊಂದು ಸ್ವರವನ್ನೂ ಉಸಿರು ಕಟ್ಟುವವರೆಗೆ ಎಳೆದು ನಿಲ್ಲಿಸಲಾಗಿದೆ. ಧಾಟಿ ಕಟ್ಟಿದವರು ಬ್ಯಾಂಕ್ಸ್, ಅದಕ್ಕೆ ಕಣ್ಣೀರು ತಂದವರು ಹ್ಯಾಕೆಟ್. ಈ ಇಬ್ಬರ ನಡುವಿನ ಕೊಡುಕೊಳ್ಳುವಿಕೆಯೇ ನನ್ನ ದೃಷ್ಟಿಯಲ್ಲಿ ಆ ವರ್ಷಗಳ ಜೆನೆಸಿಸ್. 1977ರಲ್ಲಿ ಬ್ಯಾಂಡ್ ಕಳೆದುಕೊಂಡದ್ದೂ ಇದನ್ನೇ.

ಬಳಿಕ ‘ದ ಸಿನೆಮಾ ಶೋ’ ಕೇಳಿ. ಹನ್ನೊಂದು ನಿಮಿಷಗಳ ಈ ಹಾಡು ನಡುವಿನಲ್ಲಿ ಏಳರ ಎಣಿಕೆಗೆ ಹೊರಳುತ್ತದೆ. ಮಿಶ್ರಛಾಪು ಹಾಕಬಲ್ಲವರು ತೊಡೆಯ ಮೇಲೆ ತಟ್ಟುತ್ತ ಕೊನೆಯವರೆಗೂ ಸುಖವಾಗಿ ಸಾಗಬಹುದು. ಆ ದೀರ್ಘ ವಾದ್ಯಭಾಗದಲ್ಲಿ ಗೇಬ್ರಿಯಲ್ ಇಲ್ಲ, ಹ್ಯಾಕೆಟ್ ಇಲ್ಲ. ಬ್ಯಾಂಕ್ಸ್, ರುದರ್‌ಫರ್ಡ್, ಕಾಲಿನ್ಸ್ ಮೂವರೇ ನುಡಿಸುತ್ತಾರೆ. ಐದು ವರ್ಷಗಳ ನಂತರ ಬ್ಯಾಂಡಿನಲ್ಲಿ ಉಳಿಯುವವರೂ ಈ ಮೂವರೇ. ಮುಂದಿನ ಜೆನೆಸಿಸ್ ಹಳೆಯದಕ್ಕೆ ಮಾಡಿದ ದ್ರೋಹ ಎನ್ನುವವರಿಗೆ ನಾನು ಮೊದಲು ತೋರಿಸುವ ಸಾಕ್ಷ್ಯ ಇದು. ಆಲ್ಬಮ್ಮಿನಲ್ಲಿ ಎಲ್ಲವೂ ಚಿನ್ನವೇನಲ್ಲ. ‘ದ ಬ್ಯಾಟಲ್ ಆಫ್ ಎಪಿಂಗ್ ಫಾರೆಸ್ಟ್’ ಹಾಡಿನಲ್ಲಿ ವಾದ್ಯಗಳೂ ಮಾತುಗಳೂ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಮೊದಲ ಸುತ್ತಿನಲ್ಲಿ ದಾಟಿಸಿ ಮುಂದೆ ಹೋದರೆ ನಷ್ಟವಿಲ್ಲ.

ಇಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ, 1972ರ ‘ಫಾಕ್ಸ್‌ಟ್ರಾಟ್’ ಆಲ್ಬಮ್ಮಿಗೆ ಹೋಗಬೇಕು. ಅದರಲ್ಲಿರುವ ‘ಸಪ್ಪರ್ಸ್ ರೆಡಿ’ ಏಳು ಭಾಗಗಳ, ಸುಮಾರು ಇಪ್ಪತ್ತಮೂರು ನಿಮಿಷಗಳ ರಚನೆ. ಅದನ್ನು ಅಡುಗೆ ಮಾಡುತ್ತಲೋ ಪ್ರಯಾಣದ ನಡುವೆಯೋ ಕೇಳಿ ಪ್ರಯೋಜನವಿಲ್ಲ. ಒಂದೇ ಸಲಕ್ಕೆ ಕುಳಿತು, ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಆರನೆಯ ಭಾಗದಲ್ಲಿ ಬಾಸ್ ಮತ್ತು ಡ್ರಮ್ಸ್ ಒಂಬತ್ತರ ಎಣಿಕೆಯನ್ನು ಬಿಡದೆ ಹಿಡಿದಿರುವಾಗ ಆರ್ಗನ್ ಆ ಲೆಕ್ಕಕ್ಕೆ ಸಿಕ್ಕಿಯೂ ಸಿಗದಂತೆ ಮೇಲೆ ತೇಲುತ್ತದೆ. ಅಲ್ಲಿ ಮೊದಲು ಡ್ರಮ್ಸನ್ನು ಮಾತ್ರ ಹಿಂಬಾಲಿಸಿ, ಇನ್ನೊಮ್ಮೆ ಆರ್ಗನ್ನನ್ನು ಮಾತ್ರ ಹಿಂಬಾಲಿಸಿ. ಮೂರನೆಯ ಸಲ ಎರಡೂ ತಾವಾಗಿಯೇ ಸೇರಿಕೊಳ್ಳುತ್ತವೆ. ರಚನೆಯ ಕೊನೆಯಲ್ಲಿ ಸೂರ್ಯನೊಳಗೆ ನಿಂತ ದೇವದೂತನ ಸಾಲೊಂದು ಬರುತ್ತದೆ. ಅದು ಮುಂದೆ ಬೇಕಾಗುತ್ತದೆ.

1971ರ ‘ನರ್ಸರಿ ಕ್ರೈಮ್’ ಕಾಲಿನ್ಸ್ ಮತ್ತು ಹ್ಯಾಕೆಟ್ ಸೇರಿದ ಮೇಲಿನ ಮೊದಲ ಆಲ್ಬಮ್. ಇದರಲ್ಲಿ ‘ದ ಮ್ಯೂಸಿಕಲ್ ಬಾಕ್ಸ್’ ಒಂದನ್ನು ತಪ್ಪಿಸಬಾರದು. ಹ್ಯಾಕೆಟ್ ಬಲಗೈ ಬೆರಳುಗಳಿಂದಲೂ ಗಿಟಾರಿನ ಮನೆಗಳ ಮೇಲೆಯೇ ತಟ್ಟಿ ನುಡಿಸುವ ತಂತ್ರವನ್ನು ಇಲ್ಲಿಯೇ ಬಳಸಿದ್ದಾರೆ, ಅದು ರಾಕ್ ಲೋಕದಲ್ಲಿ ಫ್ಯಾಷನ್ ಆಗುವ ಎಷ್ಟೋ ಮೊದಲು. 1970ರ ‘ಟ್ರೆಸ್ಪಾಸ್’ ನಂತರಕ್ಕೆ ಇರಲಿ. 1969ರ ಮೊದಲ ಆಲ್ಬಮ್ ಶಾಲಾ ಹುಡುಗರ ಪಾಪ್ ಹಾಡುಗಳ ಸಂಗ್ರಹವಷ್ಟೇ ಆಗಿರುವುದರಿಂದ, ಕುತೂಹಲಕ್ಕಲ್ಲದೆ ಬೇರಾವುದಕ್ಕೂ ಅದನ್ನು ಕೇಳಬೇಕಾಗಿಲ್ಲ.

ಗೇಬ್ರಿಯಲ್ ಹೊರಟ ದಾರಿ

1974ರ ‘ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ ಎರಡು ಎಲ್‌ಪಿಗಳ ಆಲ್ಬಮ್. ನ್ಯೂಯಾರ್ಕಿನ ಬೀದಿಯಲ್ಲಿ ಬೆಳೆದ ರಾಯೆಲ್ ಎಂಬ ಪೋರ್ಟೊ ರಿಕೊ ಮೂಲದ ಹುಡುಗ ನೆಲದಡಿಯ ವಿಚಿತ್ರ ಲೋಕವೊಂದರಲ್ಲಿ ಅಲೆಯುವ ಕತೆ ಅದರದು. ಸಾಹಿತ್ಯವನ್ನು ಬಹುಮಟ್ಟಿಗೆ ಗೇಬ್ರಿಯಲ್ ಒಬ್ಬರೇ ಬರೆದರು, ಸಂಗೀತವನ್ನು ಹೆಚ್ಚಾಗಿ ಉಳಿದವರು ಕಟ್ಟಿದರು. ಈ ವಿಂಗಡಣೆಯ ಬಿರುಕು ಆಲ್ಬಮ್ಮಿನಲ್ಲಿಯೇ ಕೇಳಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಮೊದಲ ಎಲ್‌ಪಿ ಎಲ್ಲಿಯೂ ಸಡಿಲವಾಗದೆ ಓಡುತ್ತದೆ. ಎರಡನೆಯದರಲ್ಲಿ ಕತೆಯನ್ನು ಮುಂದಕ್ಕೆ ತಳ್ಳಲೆಂದೇ ಸೇರಿಸಿದಂತಿರುವ ತುಣುಕುಗಳಿವೆ. ಆದ್ದರಿಂದ ಮೊದಲ ಎಲ್‌ಪಿಯನ್ನು ಒಂದು ದಿನ, ಎರಡನೆಯದನ್ನು ಬೇರೆಯೇ ದಿನ ಕೇಳುವುದು ಒಳ್ಳೆಯದು. ಕತೆಯ ಅರ್ಥ ಪೂರ್ತಿಯಾಗಿ ಬಿಡಿಸಿಕೊಳ್ಳದಿದ್ದರೆ ಚಿಂತಿಸಬೇಡಿ, ಅಭಿಮಾನಿಗಳು ಈಗಲೂ ಅದನ್ನು ಬಿಡಿಸುತ್ತಲೇ ಇದ್ದಾರೆ.

ಈ ಆಲ್ಬಮ್ಮಿನ ಪ್ರವಾಸ ಮುಗಿಯುತ್ತಲೇ 1975ರಲ್ಲಿ ಗೇಬ್ರಿಯಲ್ ಬ್ಯಾಂಡ್ ಬಿಟ್ಟರು. ಅವರ ಸ್ವಂತ ಆಲ್ಬಮ್‌ಗಳಲ್ಲಿ ಮೊದಲ ನಾಲ್ಕಕ್ಕೆ ಅವರು ತಮ್ಮ ಹೆಸರನ್ನಲ್ಲದೆ ಬೇರೆ ಹೆಸರು ಇಡಲಿಲ್ಲವಾಗಿ ಹುಡುಕುವವರು ವರ್ಷವನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ: 1977, 1978, 1980, 1982. 1977ರದರಲ್ಲಿ ‘ಸಾಲ್ಸ್‌ಬರಿ ಹಿಲ್’ ಹಾಡನ್ನು ಮೊದಲು ಕೇಳಿ. ಬ್ಯಾಂಡ್ ಬಿಟ್ಟು ಬಂದ ಅನುಭವವೇ ಅದರ ವಸ್ತು. ಏಳರ ಎಣಿಕೆ ಇಲ್ಲಿಯೂ ಇದೆ, ಆದರೆ ‘ದ ಸಿನೆಮಾ ಶೋ’ದಂತೆ ತನ್ನನ್ನು ಸಾರಿಕೊಳ್ಳದೆ ಅಕೌಸ್ಟಿಕ್ ಗಿಟಾರಿನ ಕೆಳಗೆ ಅಡಗಿ ಕುಳಿತಿದೆ. ಹಳೆಯ ಬ್ಯಾಂಡಿನ ಚಮತ್ಕಾರವನ್ನು ಉಳಿಸಿಕೊಂಡೂ ಅದನ್ನು ತೋರಿಸಿಕೊಳ್ಳುವ ಚಪಲವನ್ನು ಬಿಟ್ಟದ್ದೇ ಗೇಬ್ರಿಯಲ್ ಅವರ ನಿಜವಾದ ಬಿಡುಗಡೆ.

ಆಮೇಲೆ 1978ರದನ್ನು ದಾಟಿ ನೇರವಾಗಿ 1980ರದಕ್ಕೆ ಹೋಗಿ. ಗೇಬ್ರಿಯಲ್ ಅವರ ಎಲ್ಲ ಆಲ್ಬಮ್‌ಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ, ಜನಪ್ರಿಯವಾದ 1986ರ ‘ಸೋ’ಗೆ ಅಲ್ಲ. ಇದರ ಮೊದಲ ಹಾಡು ‘ಇಂಟ್ರೂಡರ್’ನಲ್ಲಿ ಡ್ರಮ್ಸ್ ನುಡಿಸಿದವರು ಫಿಲ್ ಕಾಲಿನ್ಸ್. ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆಗಳಾದ ಸಿಂಬಲ್‌ಗಳನ್ನು ಬಳಸಕೂಡದೆಂದು ಗೇಬ್ರಿಯಲ್ ಹಟ ಹಿಡಿದಿದ್ದರು. ಇಂಜಿನಿಯರ್ ಹ್ಯೂ ಪ್ಯಾಡ್‌ಗಮ್ ಡ್ರಮ್ಮಿನ ಪ್ರತಿಧ್ವನಿಯನ್ನು ದೊಡ್ಡದಾಗಿ ಉಬ್ಬಿಸಿ, ಅದು ಸಹಜವಾಗಿ ಕ್ಷೀಣಿಸುವ ಮೊದಲೇ ಥಟ್ಟನೆ ಕತ್ತರಿಸುವಂತೆ ಮಾಡಿದರು. ಪ್ರತಿ ಪೆಟ್ಟಿನ ಹಿಂದೆಯೂ ಬಾಗಿಲು ಬಡಿದು ಮುಚ್ಚಿದಂಥ ಮೌನವೊಂದು ಕೇಳಿಸುತ್ತದೆ. ಎಂಬತ್ತರ ದಶಕದ ಪಾಪ್ ಸಂಗೀತವನ್ನೆಲ್ಲ ಆವರಿಸಿದ ಈ ಸದ್ದು ಇಬ್ಬರು ಹಳೆಯ ಜೆನೆಸಿಸ್ ಸದಸ್ಯರ ಸಹವಾಸದಿಂದ ಹೊರಬಂದದ್ದು. ಗೇಬ್ರಿಯಲ್ ಮತ್ತು ಕಾಲಿನ್ಸ್ ಎದುರಾಳಿಗಳೆಂಬ ಕಲ್ಪನೆಯನ್ನು ಬಿಡಲು ಈ ಒಂದು ಹಾಡು ಸಾಕು.

ಗೇಬ್ರಿಯಲ್ ಅವರ ಮುಂದಿನ ಕೆಲಸದಲ್ಲಿ 1989ರ ‘ಪ್ಯಾಶನ್’ ಬೇರೆಯೇ ನಿಲ್ಲುತ್ತದೆ. ಚಲನಚಿತ್ರಕ್ಕೆಂದು ಮಾಡಿದ ಈ ಸಂಗೀತದಲ್ಲಿ ಪಿಟೀಲು ವಾದಕ ಎಲ್. ಶಂಕರ್, ಖವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಮೊದಲಾದವರಿದ್ದಾರೆ. ಗೇಬ್ರಿಯಲ್ ಅವರ ಹಾಡುಗಾರಿಕೆ ಹಿಡಿಸದವರೂ ಇದನ್ನು ಕೇಳಬಹುದು. 2023ರ ‘ಐ/ಓ’ವನ್ನು ಅವರು ಆ ವರ್ಷ ಪ್ರತಿ ಹುಣ್ಣಿಮೆಗೆ ಒಂದೊಂದು ಹಾಡಿನಂತೆ ಹೊರತಂದು, ಕೊನೆಗೆ ಅವೇ ಹಾಡುಗಳ ಎರಡು ಮಿಕ್ಸ್‌ಗಳನ್ನು, ಅಂದರೆ ಧ್ವನಿ, ವಾದ್ಯಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿದ ರೂಪಗಳನ್ನು, ಒಟ್ಟಿಗೆ ಕೊಟ್ಟರು. ಎರಡರಲ್ಲಿ ‘ಡಾರ್ಕ್ ಸೈಡ್’ ಎಂಬುದನ್ನು ಆರಿಸಿಕೊಳ್ಳಿ. ಅದರಲ್ಲಿ ಕೆಳಸ್ವರಗಳಿಗೆ ತೂಕವಿದೆ.

ಹ್ಯಾಕೆಟ್ ಪ್ರಶ್ನೆ

ಅಭಿಮಾನಿಗಳ ಚರ್ಚೆಯಲ್ಲಿ ಅತ್ಯಂತ ಕಡಿಮೆ ನ್ಯಾಯ ಸಿಕ್ಕಿರುವುದು ಹ್ಯಾಕೆಟ್ ಅವರಿಗೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ 1975ರಿಂದ 1978ರವರೆಗಿನ ಭಾಗವನ್ನು ಅವಸರವಿಲ್ಲದೆ ಕೇಳಬೇಕು. ಗೇಬ್ರಿಯಲ್ ಹೋಗಿ ಬ್ಯಾಂಡ್ ಮುಂದೇನೆಂದು ತಿಳಿಯದೆ ನಿಂತಿದ್ದ ಕಾಲದಲ್ಲಿ ಹ್ಯಾಕೆಟ್ ‘ವಾಯೇಜ್ ಆಫ್ ದ ಅಕೊಲೈಟ್’ ಎಂಬ ತಮ್ಮ ಮೊದಲ ಸ್ವಂತ ಆಲ್ಬಮ್ ತಂದರು. ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳ ಹೆಸರುಗಳ ಸುತ್ತ ಹೆಣೆದ ಈ ಆಲ್ಬಮ್ಮಿನಲ್ಲಿ ರುದರ್‌ಫರ್ಡ್ ಮತ್ತು ಕಾಲಿನ್ಸ್ ಇಬ್ಬರೂ ನುಡಿಸಿದ್ದಾರೆ, ಕಾಲಿನ್ಸ್ ಒಂದು ಹಾಡನ್ನು ಹಾಡಿಯೂ ಇದ್ದಾರೆ. ಬ್ಯಾಂಕ್ಸ್ ಇಲ್ಲದ ಜೆನೆಸಿಸ್ ಹೇಗಿರುತ್ತಿತ್ತು ಎಂಬ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ಸಿಗಲಾರದು. ಕೊನೆಯ ‘ಶ್ಯಾಡೋ ಆಫ್ ದ ಹೈರೊಫ್ಯಾಂಟ್’ನಲ್ಲಿ ಒಂದೇ ನುಡಿಸಾಣಿಕೆ ಮತ್ತೆ ಮತ್ತೆ ಬರುತ್ತ, ಪ್ರತಿ ಸುತ್ತಿಗೂ ಒಂದಿಷ್ಟು ಭಾರ ಏರಿಸಿಕೊಳ್ಳುತ್ತ ಹೋಗುವ ಬಗೆಯನ್ನು ಗಮನಿಸಿ.

ಇದರ ಬೆನ್ನಿಗೇ 1976ರ ‘ಎ ಟ್ರಿಕ್ ಆಫ್ ದ ಟೇಲ್’ ಕೇಳಬೇಕು. ಹೊರಗಿನ ಹಲವು ಗಾಯಕರನ್ನು ಪರೀಕ್ಷಿಸಿ ಯಾರೂ ಒಪ್ಪಿಗೆಯಾಗದೆ ಕೊನೆಗೆ ಡ್ರಮ್ಸ್‌ನವರೇ ಹಾಡಿದ ಆಲ್ಬಮ್ ಇದು. ಆದರೆ ಧ್ವನಿಯಲ್ಲಿ ಎಲ್ಲಿಯೂ ಅಳುಕಿಲ್ಲ. ಕೊನೆಯ ‘ಲಾಸ್ ಎಂಡೋಸ್’ ಬಹುತೇಕ ವಾದ್ಯಸಂಗೀತವೇ, ಆಲ್ಬಮ್ಮಿನ ಹಿಂದಿನ ಹಾಡುಗಳ ತುಣುಕುಗಳನ್ನು ಮತ್ತೆ ಎತ್ತಿಕೊಳ್ಳುತ್ತದೆ. ಅದು ಕರಗಿಹೋಗುವಾಗ ವಾಲ್ಯೂಮ್ ಹೆಚ್ಚಿಸಿ ಕಿವಿಗೊಟ್ಟರೆ, ಕಾಲಿನ್ಸ್ ‘ಸಪ್ಪರ್ಸ್ ರೆಡಿ’ಯ ದೇವದೂತನ ಸಾಲನ್ನು ಮೆಲುದನಿಯಲ್ಲಿ ಹಾಡುವುದು ಕೇಳಿಸುತ್ತದೆ. ಅದು ಬಿಟ್ಟುಹೋದ ಗೆಳೆಯನಿಗೆ ಸಲ್ಲಿಸಿದ ನಮಸ್ಕಾರ. ಕ್ರಮ ತಪ್ಪಿಸಿ ಕೇಳಿದವರಿಗೆ ಇದು ಸಿಗುವುದಿಲ್ಲ.

ಅದೇ ವರ್ಷದ ಕೊನೆಯಲ್ಲಿ ಬಂದ ‘ವಿಂಡ್ ಅಂಡ್ ವದರಿಂಗ್’ ಮತ್ತು ಹ್ಯಾಕೆಟ್ ಅವರ 1978ರ ‘ಪ್ಲೀಸ್ ಡೋಂಟ್ ಟಚ್’ ಒಂದು ಜೋಡಿ. ಮೊದಲನೆಯದರಲ್ಲಿ ‘ಬ್ಲಡ್ ಆನ್ ದ ರೂಫ್‌ಟಾಪ್ಸ್’ ಹಾಡು ನೈಲಾನ್ ತಂತಿಯ ಗಿಟಾರಿನ ಒಂಟಿ ಆಲಾಪದಿಂದ ತೆರೆದುಕೊಳ್ಳುತ್ತದೆ. ಇಡೀ ಆಲ್ಬಮ್ಮಿನಲ್ಲಿ ಅತ್ಯಂತ ಮಾಗಿದ ರಚನೆ ಅದೇ. ಹ್ಯಾಕೆಟ್ ತಂದಿದ್ದ ‘ಪ್ಲೀಸ್ ಡೋಂಟ್ ಟಚ್’ ಎಂಬ ವಾದ್ಯರಚನೆಯನ್ನು ಬ್ಯಾಂಡ್ ತಿರಸ್ಕರಿಸಿ ‘ವಾಟ್ ಗೊರಿಲ್ಲಾ’ ಎಂಬ ಸಾಧಾರಣ ತುಣುಕನ್ನು ಇಟ್ಟುಕೊಂಡಿತು. ಎರಡನ್ನೂ ಒಂದರ ಹಿಂದೊಂದು ಕೇಳಿ, ತೀರ್ಪು ನೀವೇ ಕೊಡಿ. ತಮ್ಮ ರಚನೆಗಳಿಗೆ ಬ್ಯಾಂಡಿನಲ್ಲಿ ಜಾಗ ಸಾಲದೆಂದು ಹ್ಯಾಕೆಟ್ 1977ರಲ್ಲಿ ಹೊರಟರು. ತಿರಸ್ಕೃತ ರಚನೆಯ ಹೆಸರೇ ಮರುವರ್ಷ ಅವರ ಆಲ್ಬಮ್ಮಿನ ಹೆಸರಾಯಿತು. 1979ರ ‘ಸ್ಪೆಕ್ಟ್ರಲ್ ಮಾರ್ನಿಂಗ್ಸ್’ ಅವರ ಅತ್ಯುತ್ತಮ ಆಲ್ಬಮ್ ಎನ್ನುವುದರಲ್ಲಿ ಅಭಿಮಾನಿಗಳ ನಡುವೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ, ನನಗೂ ಇಲ್ಲ. ಅವರ ಗಾಯನ ಸಾಮಾನ್ಯ. ಗಿಟಾರ್ ಹಾಡುವಾಗ ಅವರು ಬಾಯಿ ತೆರೆಯಬೇಕಾಗಿಲ್ಲ. ಹಳೆಯ ಜೆನೆಸಿಸ್ ಹಾಡುಗಳನ್ನು ಅವರು ಮುಂದೆ ಮರುರೆಕಾರ್ಡ್ ಮಾಡಿದ ಆಲ್ಬಮ್‌ಗಳನ್ನು ಮೂಲವನ್ನು ಚೆನ್ನಾಗಿ ಕೇಳಿಕೊಂಡ ಮೇಲಷ್ಟೇ ಮುಟ್ಟಿ.

ಈ ಹಂತದಲ್ಲಿ 1977ರ ‘ಸೆಕೆಂಡ್ಸ್ ಔಟ್’ ಎಂಬ ಲೈವ್ ಆಲ್ಬಮ್ ಕೇಳಿದರೆ, ಇಲ್ಲಿಯವರೆಗೆ ಪರಿಚಯವಾದ ಹಾಡುಗಳಲ್ಲಿ ಹಲವು ಇನ್ನೊಂದು ಬೆಳಕಿನಲ್ಲಿ ಕಾಣುತ್ತವೆ. ‘ಫರ್ತ್ ಆಫ್ ಫಿಫ್ತ್’ನ ಪಿಯಾನೋ ಆರಂಭವನ್ನು ಮಾತ್ರ ಇಲ್ಲಿ ಕೈಬಿಟ್ಟಿದ್ದಾರೆ.

ಮೂವರು ಉಳಿದ ಮೇಲೆ

1978ರ ‘ಅಂಡ್ ದೆನ್ ದೇರ್ ವರ್ ತ್ರೀ’ ಆಲ್ಬಮ್ಮಿನಲ್ಲಿ ರುದರ್‌ಫರ್ಡ್ ಗಿಟಾರನ್ನೂ ವಹಿಸಿಕೊಂಡರು. ಹ್ಯಾಕೆಟ್ ಇದ್ದ ಜಾಗವನ್ನೆಲ್ಲ ಕೀಬೋರ್ಡ್ ತುಂಬಿಕೊಂಡು ಆಲ್ಬಮ್ ಮಬ್ಬುಮಬ್ಬಾಗಿ ಕೇಳಿಸುತ್ತದೆ. ಒಂದು ಸಲ ಕೇಳಿ ಮುಂದೆ ಸಾಗಿ. ಸ್ವಾರಸ್ಯವಿರುವುದು ನಂತರದ ಬಿಡುವಿನಲ್ಲಿ. ಬ್ಯಾಂಕ್ಸ್ 1979ರಲ್ಲಿ ‘ಎ ಕ್ಯೂರಿಯಸ್ ಫೀಲಿಂಗ್’ ತಂದರು, ರುದರ್‌ಫರ್ಡ್ 1980ರಲ್ಲಿ ‘ಸ್ಮಾಲ್‌ಕ್ರೀಪ್ಸ್ ಡೇ’ ತಂದರು, ಕಾಲಿನ್ಸ್ ಮುರಿದ ದಾಂಪತ್ಯದ ನೋವಿನಲ್ಲಿ ಮನೆಯಲ್ಲಿಯೇ ಡೆಮೊಗಳನ್ನು, ಅಂದರೆ ಹಾಡುಗಳ ಕರಡು ರೆಕಾರ್ಡಿಂಗ್‌ಗಳನ್ನು, ಮಾಡುತ್ತ ಕುಳಿತರು. ಮೂರನ್ನೂ ಹತ್ತಿರಹತ್ತಿರ ಇಟ್ಟು ಕೇಳಿದರೆ ಮುಂದಿನ ದಶಕದ ಬ್ಯಾಂಡ್ ಹೇಗೆ ಆಯಿತೆಂಬುದು ಅರ್ಥವಾಗುತ್ತದೆ.

ಬ್ಯಾಂಕ್ಸ್ ಅವರ ಆಲ್ಬಮ್ಮಿನಲ್ಲಿ ಡ್ರಮ್ಸ್ ಮತ್ತು ಗಾಯನವನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅವರೇ ನುಡಿಸಿದ್ದಾರೆ. ಸ್ವರಸಂಯೋಜನೆಯ ಚೆಲುವು ಹೆಜ್ಜೆಹೆಜ್ಜೆಗೂ ಇದೆ, ಆದರೆ ಅದನ್ನು ತಡೆದು ‘ಸಾಕು’ ಎನ್ನುವವರು ಯಾರೂ ಇಲ್ಲ. ಜೆನೆಸಿಸ್ ಸಂಗೀತದ ಬೆನ್ನೆಲುಬು ಬ್ಯಾಂಕ್ಸ್ ಎಂದು ನಂಬುವ ನನ್ನಂಥವರು ಒಪ್ಪಿಕೊಳ್ಳಲೇಬೇಕಾದ ಮಾತೆಂದರೆ, ಅವರಿಗೆ ಎದುರು ಮಾತನಾಡುವ ಜೊತೆಗಾರರು ಬೇಕು. ರುದರ್‌ಫರ್ಡ್ ಅವರದರಲ್ಲಿ ಎಲ್‌ಪಿಯ ಒಂದಿಡೀ ಬದಿಯನ್ನು ತುಂಬುವ ಕಥನಮಾಲೆಯಿದೆ. ಮುಂದೆ ‘ಮೈಕ್ ಅಂಡ್ ದ ಮೆಕ್ಯಾನಿಕ್ಸ್’ ಕಟ್ಟಿ ಚಿಕ್ಕ, ಅಚ್ಚುಕಟ್ಟಾದ ಪಾಪ್ ಹಾಡುಗಳಿಗೆ ಹೆಸರಾದವರು ಇವರೇ ಎಂದು ಇದನ್ನು ಕೇಳಿದವರು ನಂಬಲಾರರು.

1980ರ ‘ಡ್ಯೂಕ್’ ಮೂವರ ಜೆನೆಸಿಸ್‌ನ ಶಿಖರ, ಬ್ರಿಟನ್ನಿನಲ್ಲಿ ಅವರ ಮೊದಲ ನಂಬರ್ ಒನ್ ಆಲ್ಬಮ್ ಕೂಡ. ಇದನ್ನು ಕಾಲಿನ್ಸ್ ಅವರ 1981ರ ‘ಫೇಸ್ ವ್ಯಾಲ್ಯೂ’ ಜೊತೆ ಜೋಡಿಸಿ. ‘ಬಿಹೈಂಡ್ ದ ಲೈನ್ಸ್’ ಎಂಬ ಹಾಡು ಎರಡರಲ್ಲಿಯೂ ಇದೆ: ‘ಡ್ಯೂಕ್’ನಲ್ಲಿ ಅದು ಕೀಬೋರ್ಡಿನ ಮೆರವಣಿಗೆಯೊಡನೆ ಬರುತ್ತದೆ, ಕಾಲಿನ್ಸ್ ಅದನ್ನೇ ತುತ್ತೂರಿ, ಸ್ಯಾಕ್ಸೊಫೋನ್‌ಗಳ ಜೊತೆ ಕುಣಿಯುವ ಹಾಡಾಗಿ ಮಾಡಿಕೊಂಡಿದ್ದಾರೆ. ಒಂದೇ ಹಾಡಿನ ಈ ಎರಡು ರೂಪಗಳ ನಡುವಿನ ಅಂತರವೇ ಬ್ಯಾಂಡಿಗೂ ಕಾಲಿನ್ಸ್ ಅವರಿಗೂ ಇದ್ದ ಅಂತರ. ‘ಇನ್ ದ ಏರ್ ಟುನೈಟ್’ ಎಲ್ಲರಿಗೂ ಗೊತ್ತಿರುವ ಹಾಡಾದರೂ ‘ಇಂಟ್ರೂಡರ್’ ಕೇಳಿದ ಕಿವಿಯಿಂದ ಇನ್ನೊಮ್ಮೆ ಕೇಳಿ: ಮೂರೂವರೆ ನಿಮಿಷಗಳ ಕಾಲ ಕಾಯಿಸಿ ಬಂದು ಬೀಳುವ ಆ ಡ್ರಮ್ಸ್ ಯಾವ ಮನೆಯಿಂದ ಬಂದದ್ದೆಂದು ಹೇಳಬೇಕಾಗುವುದಿಲ್ಲ. ಕಾಲಿನ್ಸ್ ಅವರನ್ನು ಬರಿಯ ಪ್ರೇಮಗೀತೆಗಳ ಗಾಯಕನೆಂದು ತಳ್ಳಿಹಾಕುವವರು ‘ಬ್ರ್ಯಾಂಡ್ ಎಕ್ಸ್’ ಎಂಬ ಜಾಝ್ ಫ್ಯೂಷನ್ ತಂಡದೊಡನೆ ಅವರು ನುಡಿಸಿದ 1976ರ ‘ಅನ್‌ಆರ್ಥೊಡಾಕ್ಸ್ ಬಿಹೇವಿಯರ್’ ಕೇಳಿ ಆಮೇಲೆ ಮಾತನಾಡಲಿ.

ಎಂಬತ್ತರ ದಶಕದ ಉಳಿದ ಆಲ್ಬಮ್‌ಗಳನ್ನು ಆರಿಸಿ ಕೇಳಿದರೆ ಸಾಕು. 1983ರ ಆಲ್ಬಮ್ಮಿನಿಂದ ‘ಮಾಮಾ’, 1986ರ ‘ಇನ್‌ವಿಸಿಬಲ್ ಟಚ್’ನಿಂದ ‘ಡಾಮಿನೋ’, 1991ರ ‘ವಿ ಕಾಂಟ್ ಡ್ಯಾನ್ಸ್’ನಿಂದ ‘ಫೇಡಿಂಗ್ ಲೈಟ್ಸ್’. ಈ ಕೊನೆಯ ಎರಡರಲ್ಲಿ ಹಳೆಯ ದೀರ್ಘ ರಚನೆಗಳ ಅಭ್ಯಾಸ ಇನ್ನೂ ಜೀವಂತವಾಗಿದೆ. 1986ರ ಬೇಸಿಗೆಯಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ‘ಇನ್‌ವಿಸಿಬಲ್ ಟಚ್’ ಹಾಡನ್ನು ಕೆಳಗಿಳಿಸಿದ್ದು ಗೇಬ್ರಿಯಲ್ ಅವರ ‘ಸ್ಲೆಡ್ಜ್‌ಹ್ಯಾಮರ್’ ಎಂಬುದು ಅಭಿಮಾನಿಗಳು ಎಂದಿಗೂ ಮರೆಯದ ಸಂಗತಿ. ಕಾಲಿನ್ಸ್ ಹೋದ ಮೇಲೆ ರೇ ವಿಲ್ಸನ್ ಹಾಡಿದ 1997ರ ಆಲ್ಬಮ್, ಎಲ್ಲವನ್ನೂ ಕೇಳಿಯೇ ತೀರುತ್ತೇನೆ ಎನ್ನುವವರಿಗೆ.

ಯಾವ ಆವೃತ್ತಿಯನ್ನು ಕೇಳಬೇಕು ಎಂಬುದನ್ನೂ ಹೇಳಬೇಕು. 2007 ಮತ್ತು 2008ರಲ್ಲಿ ನಿಕ್ ಡೇವಿಸ್ ಎಂಬ ಇಂಜಿನಿಯರ್ ಮಾಡಿದ, 1970ರಿಂದ ಮುಂದಿನ ಆಲ್ಬಮ್‌ಗಳ ಮರುಮಿಕ್ಸ್‌ಗಳು ಹೊರಬಂದವು. ಮುಚ್ಚಿಹೋಗಿದ್ದ ಬಾಸ್ ಮತ್ತು ಗಿಟಾರಿನ ವಿವರಗಳು ಅವುಗಳಲ್ಲಿ ಬಿಚ್ಚಿಕೊಂಡಿವೆ, ಆದರೆ ಮೆಲುದನಿ ಮತ್ತು ಏರುದನಿಗಳ ಅಂತರ ಕುಗ್ಗಿ ಕಿವಿ ಬೇಗ ದಣಿಯುತ್ತದೆ. ‘ನರ್ಸರಿ ಕ್ರೈಮ್’ ಮತ್ತು ‘ಫಾಕ್ಸ್‌ಟ್ರಾಟ್’ ಆಲ್ಬಮ್‌ಗಳ ಮೂಲ ರೆಕಾರ್ಡಿಂಗ್ ಮಂಕಾಗಿರುವುದರಿಂದ ಅವೆರಡಕ್ಕೆ ಮರುಮಿಕ್ಸ್ ಒಳ್ಳೆಯದು. ‘ಸೆಲ್ಲಿಂಗ್ ಇಂಗ್ಲೆಂಡ್’ನಿಂದ ಮುಂದಕ್ಕೆ ಮೂಲ ಮಿಕ್ಸ್ ಅನ್ನು ಹಾಗೆಯೇ ಇಟ್ಟು ಒಟ್ಟಾರೆ ಧ್ವನಿಯನ್ನಷ್ಟೇ ತಿದ್ದಿದ 1994ರ ರೀಮಾಸ್ಟರ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

‘ಟ್ರೆಸ್ಪಾಸ್’ಗೆ ಈಗ ಬನ್ನಿ. ಅದರಲ್ಲಿ ಗಿಟಾರ್ ನುಡಿಸಿ, ವೇದಿಕೆಯ ಭಯದಿಂದ 1970ರಲ್ಲಿಯೇ ಬ್ಯಾಂಡ್ ಬಿಟ್ಟವರು ಆಂಟನಿ ಫಿಲಿಪ್ಸ್. ಅವರ 1977ರ ‘ದ ಗೀಸ್ ಅಂಡ್ ದ ಗೋಸ್ಟ್’ ಆಲ್ಬಮ್ಮಿನಲ್ಲಿ ರುದರ್‌ಫರ್ಡ್ ಹನ್ನೆರಡು ತಂತಿಯ ಗಿಟಾರ್ ನುಡಿಸುತ್ತಾರೆ, ಕಾಲಿನ್ಸ್ ಎರಡು ಹಾಡುಗಳನ್ನು ಹಾಡುತ್ತಾರೆ, ಹ್ಯಾಕೆಟ್ ಅವರ ತಮ್ಮ ಜಾನ್ ಕೊಳಲಿನಲ್ಲಿದ್ದಾರೆ. ಎರಡು ಗಿಟಾರ್‌ಗಳ ತಂತಿಗಳು ಒಂದಕ್ಕೊಂದು ಹೆಣೆದುಕೊಂಡು ನೇಯ್ಗೆಯಾಗುವ ಆ ಸದ್ದು ‘ಟ್ರೆಸ್ಪಾಸ್’ನಲ್ಲಿ ಮೊಳೆತು, ‘ದ ಮ್ಯೂಸಿಕಲ್ ಬಾಕ್ಸ್’ ಮತ್ತು ‘ದ ಸಿನೆಮಾ ಶೋ’ಗಳ ಆರಂಭದಲ್ಲಿ ಫಲ ಕೊಟ್ಟಿದೆ. ಅದನ್ನು ಬ್ಯಾಂಡಿಗೆ ತಂದವರಲ್ಲಿ ಫಿಲಿಪ್ಸ್ ಮುಖ್ಯರಾದ್ದರಿಂದ, ಈ ಆಲ್ಬಮ್ ಮುಗಿದ ಕೂಡಲೇ ‘ದ ಮ್ಯೂಸಿಕಲ್ ಬಾಕ್ಸ್’ನ ಮೊದಲ ಎರಡು ನಿಮಿಷಗಳನ್ನು ಮತ್ತೊಮ್ಮೆ ಹಾಕಿ, ಬಲ ಮತ್ತು ಎಡ ಕಿವಿಗಳಲ್ಲಿ ಯಾವ ಗಿಟಾರ್ ಏನು ನುಡಿಸುತ್ತಿದೆ ಎಂದು ಬೇರ್ಪಡಿಸಿ ಕೇಳಿ.